ಸುಚಿತಾಳ ಎರಡು ವಿಡಿಯೊ

ಮೇ ೧೮, ಭಾನುವಾರ. ಕುಮಟಾ.

ಮಕ್ಕಳ ಕ್ರಿಕೆಟ್ ಶಿಬಿರ ಇವತ್ತಿಗೆ ಮುಗಿಯಿತು. ಅತಿ ಹೆಚ್ಚು ಪ್ರಗತಿ ತೋರಿದವರ ಕಪ್ ಸುಚಿತಾಳಿಗೆ ಕೊಟ್ಟೆ. ಎಲ್ಲರೂ ಚಪ್ಪಾಳೆ ಹೊಡೆದರು. ಮನೆಗೆ ಬಂದ ಮೇಲೆ ನನಗೆ ಊಟವೇ ಸೇರಲಿಲ್ಲ.

ಜಂಬ ನನ್ನದೇ. ಪಾಲಕರು ನೋಡಲಿ ಅಂತ ಸಮಾರಂಭದಲ್ಲಿ ಅವಳ ಬೌಲಿಂಗಿನ ಎರಡು ವಿಡಿಯೊ ಹಾಕಿಸಿದೆ, ಶಿಬಿರಕ್ಕೆ ಬಂದ ದಿನದ್ದೊಂದು, ಮೊನ್ನೆಯದೊಂದು. ಮೊದಲನೆಯದರಲ್ಲಿ ಸೊಂಟ ತಿರುಚಿ, ಪಕ್ಕದಿಂದ ಕೈ ಬೀಸುತ್ತಾಳೆ. ಅವಳ ಅಪ್ಪ ಮಾಸ್ತಿ ಅಘನಾಶಿನಿ ಹೊಳೆಯಲ್ಲಿ ಬಲೆ ಬೀಸುವುದೂ ಹಾಗೇ. ಎರಡನೆಯದರಲ್ಲಿ ಕೈ ಕಿವಿಯ ಪಕ್ಕದಿಂದ ನೆಟ್ಟಗೆ ಬರುತ್ತದೆ. ದಿನಾ ಗದರಿ ಗದರಿ ನಾನೇ ತಿದ್ದಿದ್ದು.

ಇಷ್ಟು ದಿನ ಅವಳ ಕೈಯನ್ನೇ ನೋಡುತ್ತಿದ್ದೆ. ಇವತ್ತು ದೊಡ್ಡ ಪರದೆಯಲ್ಲಿ ಚೆಂಡು ಕಂಡಿತು. ಮೊದಲನೆಯದರಲ್ಲಿ ಅದು ಒಳಕ್ಕೆ ತಿರುಗಿ ಸ್ಟಂಪ್ ಹಾರಿಸುತ್ತದೆ, ಮಕ್ಕಳು ಕೇಕೆ ಹಾಕುತ್ತಾರೆ. ಎರಡನೆಯದರಲ್ಲಿ ಸಲೀಸಾಗಿ ಬ್ಯಾಟಿಗೆ ಸಿಗುತ್ತದೆ. ಯಾರೂ ಕೂಗುವುದಿಲ್ಲ. ದೊಡ್ಡ ಕೋಚು ನಾನು!

ಮಾಸ್ತಿ ಬಂದು ಕೈಮುಗಿದ. "ನನ್ನ ನೋಡ್ಕಂಡೇ ಇದರ ಕೈ ಹಾಳಾಗಿತ್ತು ಸರ್. ನೀವು ಸಮಾ ಮಾಡಿದ್ರಿ."

ಸುಚಿತಾಳನ್ನು ಕರೆದು, ಮೊದಲಿನ ಹಾಗೆ ಒಂದು ಚೆಂಡು ಹಾಕು ಅಂದೆ. ಕಪ್ಪನ್ನು ಅಪ್ಪನ ಕೈಗಿಟ್ಟು ಓಡಿ ಬಂದಳು. ಕೈ ನೆಟ್ಟಗೆ ಬಂತು. ಇನ್ನೊಮ್ಮೆ ಹಾಕಿದಳು, ಆಗಲೂ ನೆಟ್ಟಗೇ.

"ಅದು ಈಗ ಬರೂದೇ ಇಲ್ಲ ಸರ್," ಅಂದಳು, ಖುಷಿಯಿಂದ. ಹೊಗಳುತ್ತೇನೆ ಅಂತ ನನ್ನ ಮುಖವನ್ನೇ ನೋಡುತ್ತ ನಿಂತಳು.

ಭೇಷ್ ಅಂದುಬಿಟ್ಟೆ.