ಮಲಕವ್ವನ ಹೆಸರಿನ ರಾಜಿ

ಅಥಣಿ
೨೪ ನವೆಂಬರ್ ೨೦೧೯

ನನ್ನ ಮಗಳು ಪ್ರಾಜಕ್ತಾಗೆ ಅಪ್ಪನ ಆಶೀರ್ವಾದಗಳು.

ನಾನು ಆರಾಮಿದ್ದೇನೆ. ನೀನು, ಅಳಿಯಂದಿರು ಪುಣೆಯಲ್ಲಿ ಸುಖವಾಗಿರಬಹುದೆಂದು ನಂಬಿದ್ದೇನೆ. ನೀನು ಮತ್ತೆ ಮತ್ತೆ ಫೋನ್ ಮಾಡಿದರೂ ಎತ್ತಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಇದು ಫೋನಿನಲ್ಲಿ ಹೇಳುವ ಮಾತಲ್ಲ. ಅದಕ್ಕೇ ತಡವಾದರೂ ಕಾಗದ ಬರೆಯುತ್ತಿದ್ದೇನೆ.

ಕುನಾಲನ ಜೊತೆಗಿನ ವ್ಯಾಜ್ಯ ಮುಗಿಯಿತು. ಇನ್ನು ಮೇಲೆ ನಾನು ಮಾಡುವ ಚಪ್ಪಲಿಗಳ ಮೇಲೆ ನಿನ್ನ ಅವ್ವನ ಹೆಸರು ಇರುವುದಿಲ್ಲ.

ಅವ್ವನ ಹೆಣಿಕೆ ನಿನಗೆ ನೆನಪಿದೆಯಲ್ಲ? ನಾನು ತೊಗಲು ಕತ್ತರಿಸಿ ಹೊಲಿದು ಕೊಟ್ಟರೆ, ಮಲಕವ್ವ ದಾರದಷ್ಟು ಸಣ್ಣ ಎಳೆಗಳನ್ನು ಹೆಣೆದು ಪಟ್ಟಿಯ ಮೇಲೆ ಕೂರಿಸುತ್ತಿದ್ದಳು. ನಿಪ್ಪಾಣಿಯ ಅಂಗಡಿಯವರು ನನ್ನ ಹೆಸರು ಎಂದೂ ಕೇಳಿದವರಲ್ಲ. “ಮಲಕವ್ವನ ಜೋಡು ಬಂದಾವೇನ್ರಿ?” ಎಂದೇ ಕೇಳುತ್ತಿದ್ದರು. ಅವಳು ತೀರಿಕೊಂಡ ಮೇಲೆ ಅವಳ ಹೆಸರಿನ ಮುದ್ರೆ ಮಾಡಿಸಿ ಎಲ್ಲ ಚಪ್ಪಲಿಗಳ ಮೇಲೂ ಒತ್ತುತ್ತ ಬಂದೆ. ಆ ಮುದ್ರೆಗೆ ಸುತ್ತಿಗೆ ಹೊಡೆಯುತ್ತಿದ್ದವನು ಕುನಾಲನೇ. ನನ್ನ ತಂಗಿ ಶೇವಂತಾಳ ಮಗ. ನಮ್ಮ ಮನೆಯಲ್ಲೇ ಉಂಡು, ನಿನ್ನ ಅವ್ವನ ಪಕ್ಕ ಕೂತು ಕೆಲಸ ಕಲಿತವನು.

ಅವನು ಪುಣೆಗೆ ಹೋಗಿ ಅಂಗಡಿ ಇಟ್ಟು, ಇಂಟರ್ನೆಟ್ಟಿನಲ್ಲಿ ಮಾರತೊಡಗಿದಾಗ ಸಂತೋಷಪಟ್ಟೆ. ‘ಮಲಕವ್ವ’ ಎಂಬುದನ್ನು ತನ್ನ ಕಂಪನಿಯ ಹೆಸರೆಂದು ನೋಂದಾಯಿಸಿಕೊಂಡದ್ದು ಮಾತ್ರ ನನಗೆ ತಿಳಿಯಲಿಲ್ಲ. ಆ ಹೆಸರನ್ನು ನಾನು ಬಳಸಕೂಡದೆಂದು ಅವನ ವಕೀಲರ ನೋಟಿಸು ಬಂದಾಗಲೇ ತಿಳಿದದ್ದು.

ನಮ್ಮ ವಕೀಲರು ಮುರಗೆಪ್ಪನವರು ಹೇಳಿದರು: “ಧೂಳಪ್ಪ, ಮೊದಲಿಂದ ಬಳಸಿದಾಂವ ನೀನು. ನಿನ್ನ ಕೇಸ್ ಗಟ್ಟಿ ಐತಿ. ಆದ್ರ ಕೋರ್ಟಿನ್ಯಾಗ ವರ್ಷಗಟ್ಟಲೆ ಅಲದಾಡಬೇಕಾಗ್ತೈತಿ. ಅವರು ಆನ್‌ಲೈನ್ ರಾಜಿಗೆ ಕರದಾರ. ನನ್ನ ಆಫೀಸಿನ್ಯಾಗ ಕುಂತ ಮಾತಾಡೂದು, ಅಷ್ಟ.”

ಒಪ್ಪಿದೆ. ಅವನ ಮುಖವಾದರೂ ಕಾಣುತ್ತದಲ್ಲ ಎಂಬ ಆಸೆ.

ಒಗೆದ ಧೋತರ ಉಟ್ಟು ಲ್ಯಾಪ್‌ಟಾಪಿನ ಮುಂದೆ ಕೂತೆ. ರಾಜಿ ಮಾಡಿಸುವ ಮೇಡಂ ಮುಂಬೈಯವರು, ಮರಾಠಿಯಲ್ಲಿ ‘ಕಾಕಾ’ ಎಂದೇ ಮಾತಾಡಿಸಿದರು. ಕುನಾಲ ಕಂಡ. ಅವನ ಹಿಂದಿನ ಗೋಡೆಯ ಮೇಲೆ ನಿನ್ನ ಅವ್ವನ ದೊಡ್ಡ ಫೋಟೋ. “ಉಂಡೀ ಏನಪಾ?” ಎಂದೆ. ಅವನ ತುಟಿ ಅಲ್ಲಾಡಿತು, ಧ್ವನಿ ಬರಲಿಲ್ಲ. “ಮೈಕ್ ಬಂದ್ ಇಟ್ಟಾನ,” ಎಂದರು ಮುರಗೆಪ್ಪನವರು. ಆಮೇಲೆ ಮೇಡಂ, ಒಬ್ಬೊಬ್ಬರ ಜೊತೆ ಬೇರೆಯಾಗಿ ಮಾತಾಡುತ್ತೇನೆ ಎಂದರು. ಅವನ ಮುಖ ಹೋಗಿಬಿಟ್ಟಿತು.

ನಿಮಗೆ ಏನು ಬೇಕು ಕಾಕಾ, ಎಂದು ಕೇಳಿದರು. “ಅವ ಒಮ್ಮೆ ಅಥಣಿಗೆ ಬರ್ಲಿ. ನನ್ನ ಮುಂದ ಕುಂತು, ‘ಮಾಮಾ, ಮಾಮಿ ಹೆಸರು ನನಗ ಕೊಡು’ ಅನ್ಲಿ. ಕೊಟ್ಟಬಿಡ್ತೀನಿ,” ಎಂದೆ. ಮೇಡಂ ಅವನ ಜೊತೆ ಮಾತಾಡಿ ಬಂದು, ಅಂಥದನ್ನು ಕರಾರಿನಲ್ಲಿ ಬರೆಯಲು ಅವರು ಒಪ್ಪುತ್ತಿಲ್ಲ, ಬೇರೆ ಏನಾದರೂ ಕೇಳಿ ಎಂದರು.

ಅವನು ಇನ್ನೊಂದು ಮಾತು ಹೇಳಿ ಕಳಿಸಿದ್ದ. ನಾನು ಅವನ ಕಂಪನಿಗೆ ಚಪ್ಪಲಿ ಮಾಡಿ ಕೊಡಬೇಕಂತೆ, ಹೆಸರನ್ನು ಅವರು ಹಾಕಿಕೊಳ್ಳುತ್ತಾರಂತೆ. ಅಂದರೆ ನಾನು ಮಾಡಿದ ಚಪ್ಪಲಿಯ ಮೇಲೆ ನನ್ನ ಹೆಂಡತಿಯ ಹೆಸರು ಪುಣೆಯಲ್ಲಿ ಬೀಳಬಹುದು, ಅಥಣಿಯಲ್ಲಿ ಬೀಳಬಾರದು. ಆಗುವುದಿಲ್ಲ ಎಂದು ಎದ್ದು ಬಂದೆ.

ಮುಂದಿನ ವಾರ ಮತ್ತೆ ಕೂತೆವು. ಆ ದಿನ ನಾನು ಎಲ್ಲಕ್ಕೂ ಹೂಂ ಎಂದೆ. ಹೆಸರು ಅವನದೇ ಇರಲಿ, ನನಗೆ ಏನೂ ಬೇಡ ಎಂದೆ. “ಹುಚ್ಚ ಹಿಡದೈತೇನೋ ನಿನಗ?” ಎಂದು ಮುರಗೆಪ್ಪನವರು ನನ್ನ ತೋಳು ಹಿಡಿದರು. ಸಹಿಯೂ ಬೇಡ, ಹೆಬ್ಬೆಟ್ಟೂ ಬೇಡ. ನನ್ನ ಮೊಬೈಲಿಗೆ ಬಂದ ಓಟಿಪಿ ಓದಿ ಹೇಳಿದೆ. ಅಷ್ಟಕ್ಕೇ ನಿನ್ನ ಅವ್ವನ ಹೆಸರು ಹೋಯಿತು. ಮರುದಿನ ಮೊಬೈಲಿಗೆ ಒಂದು ಸಂದೇಶ ಬಂತು. ನಮ್ಮ ಸೇವೆ ನಿಮಗೆ ಹಿಡಿಸಿತೇ, ಎಷ್ಟು ಚುಕ್ಕಿ ಕೊಡುತ್ತೀರಿ ಎಂದು. ಅಳಿಸಿಹಾಕಿದೆ.

ಶೇವಂತಾ ಕಬ್ಬೂರಿನಿಂದ ಬಂದು ಹೊಸ್ತಿಲಲ್ಲೇ ನಿಂತು ಅತ್ತಳು. “ಅಣ್ಣಾ, ನನ್ನ ಮಗಗ ಶಾಪ ಹಾಕಬ್ಯಾಡೋ,” ಎಂದಳು. “ಒಳಗ ಬಾ, ಚಹಾ ಕುಡಿ. ನನಗ ಸಾಕಾಗಿತ್ತು, ಬಿಟ್ಟೆ,” ಎಂದೆ. ಮುರಗೆಪ್ಪನವರಿಗೂ, ಓಣಿಯವರಿಗೂ ಅದನ್ನೇ ಹೇಳಿದ್ದೇನೆ.

ನೀವಿಬ್ಬರೂ ನಗುನಗುತ್ತ ಇರಿ. ನೀನು ಕೈಹಾಕಿದ ಕೆಲಸಕ್ಕೆಲ್ಲ ಯಶಸ್ಸು ಬರಲಿ.

ನಿನ್ನ ಅಪ್ಪ,
ಧೂಳಪ್ಪ

ತಾ.ಕ.: ಸಾಕಾಗಿ ಬಿಟ್ಟದ್ದಲ್ಲ. ಎರಡನೆಯ ಸಲ ಕೂತಾಗ, ಮೇಡಂ ಬರುವ ಮೊದಲು, ಮುರಗೆಪ್ಪನವರು ಚಹಾ ಹೇಳಲು ಹೊರಗೆ ಹೋಗಿದ್ದಾಗ, ಕುನಾಲ ಮೈಕ್ ಚಾಲೂ ಮಾಡಿ ಹೇಳಿದ: “ನಾ ಕಳವು ಮಾಡಿಲ್ಲ ಮಾಮಾ. ಫೋಟೋ ಕೊಟ್ಟಾಕಿ ಪ್ರಾಜಕ್ತಾ. ‘ಹೆಸರು ನೀನ ಇಟಗೋ, ಅಪ್ಪ ಇನ್ನೆಷ್ಟ ದಿನ ಮಾಡ್ತಾನ’ ಅಂದಾಕೀನೂ ಆಕಿನ. ಕೋರ್ಟಿಗೆ ಹೋದ್ರ ಆಕಿನ್ನ ಸಾಕ್ಷಿ ಕರಸ್ತೀನಿ.” ನೀನು ಕಟಕಟೆಯಲ್ಲಿ ನಿಂತು ಆ ಮಾತನ್ನು ನನ್ನೆದುರು ಇನ್ನೊಮ್ಮೆ ಹೇಳುವುದು ಬೇಡವೆಂದು ಹೂಂ ಎಂದೆ. ಅವನು ಹೇಳಿದ್ದು ಸುಳ್ಳಾದರೆ ಕೂಡಲೇ ಫೋನ್ ಮಾಡು, ಎತ್ತುತ್ತೇನೆ. ನಿಜವಾದರೆ ಏನೂ ಬರೆಯಬೇಡ. ಸಂಕ್ರಾಂತಿಗೆ ಮೊದಲಿನ ಹಾಗೆಯೇ ಬಾ. ನಾನು ಕೇಳುವುದಿಲ್ಲ.