ಕೈಗೆ ಗೊತ್ತಿದ್ದ ಮನೆ

ಬೆಟಗೇರಿ
ಫೆಬ್ರುವರಿ ಮೂವತ್ತು, ೨೧೬೩

ನಮಗಿಂತ ಮೊದಲು ಮನೆ ಕಟ್ಟಿದವರಿಗೆ, ಕೆಡವಿದವರಿಗೆ,

ಈ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನನ್ನ ಮುತ್ತಜ್ಜಿಯ ಕಾಲದಲ್ಲಿ ತಿಂಗಳುಗಳ ಉದ್ದವನ್ನು ತಿದ್ದಿದಾಗ ಫೆಬ್ರುವರಿಗೂ ನ್ಯಾಯ ಸಿಕ್ಕಿತಂತೆ. ನನ್ನ ಮಾತುಗಳೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಕಾಲದ ಬರವಣಿಗೆಯನ್ನು ಓದಿ ಆ ಧಾಟಿಯಲ್ಲೇ ಬರೆಯಲು ಪ್ರಯತ್ನಿಸಿದ್ದೇನೆ. ಆದರೆ ನಮ್ಮ ಕೆಲವು ವಸ್ತುಗಳಿಗೆ ನಿಮ್ಮಲ್ಲಿ ಹೆಸರೇ ಇರಲಿಲ್ಲ.

ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಹಿಂದೆ ಬದುಕಿದವರಿಗೆ ಬರೆಯುವ ಓಲೆ. ಅದು ನಿಮ್ಮನ್ನು ತಲುಪುವುದಿಲ್ಲವೆಂದು ನಮಗೆ ಗೊತ್ತು. ಆದರೂ ಮನೆಯನ್ನು ಮಾರ್ಪಡಿಸಿದವರು ಕೆಲಸ ಮುಗಿದ ಮೇಲೆ ಒಂದು ಹಿಂದೋಲೆ ಬರೆದು, ಕೆರೆಯ ದಂಡೆಯ ಮೇಲೆ ನಿಂತು ಗಟ್ಟಿಯಾಗಿ ಓದುವುದು ನಮ್ಮೂರಿನ ಪದ್ಧತಿ. ಕೆಲವರು ನಿಮ್ಮನ್ನು ಬಯ್ಯುತ್ತಾರೆ. ಕೆಲವರು ನಾಲ್ಕು ಸಾಲು ಓದಿ ಊಟಕ್ಕೆ ಹೋಗುತ್ತಾರೆ. ನನಗೆ ಹೇಳಲಿಕ್ಕೆ ಸ್ವಲ್ಪ ಹೆಚ್ಚೇ ಇದೆ.

ನನ್ನ ಹೆಸರು ಮಹಾನಂದಾ. ನಮ್ಮ ಓಣಿಯ ರೊಟ್ಟಿಮನೆಯಲ್ಲಿ ಕೆಲಸ ಮಾಡುತ್ತೇನೆ. ಈಗ ರೊಟ್ಟಿಗಾಗಿ ಮನೆಮನೆಗೂ ಒಲೆ ಹಚ್ಚುವುದಿಲ್ಲ. ಓಣಿಗೊಂದು ರೊಟ್ಟಿಮನೆ ಇರುತ್ತದೆ, ಎಲ್ಲರೂ ಬಂದು ಬಿಸಿ ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಾರೆ. ನನ್ನ ಗಂಡ ಕೊಟ್ರೇಶ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ. ಪುಸ್ತಕ ನೋಡದೆ ಬೋರ್ಡಿನ ಮೇಲೆ ಒಂದೇ ಎಳೆತದಲ್ಲಿ ಕೃಷ್ಣಾ ನದಿಯನ್ನು ಹುಟ್ಟಿದಲ್ಲಿಂದ ಸಮುದ್ರದವರೆಗೆ ಬರೆಯುತ್ತಿದ್ದ. ಆಮೇಲೆ ಅವನ ಕಣ್ಣಿಗೆ ಒಂದು ರೋಗ ಬಂತು. ಬೆಳಕು ಅಂಚಿನಿಂದ ಒಳಗೆ ಸ್ವಲ್ಪಸ್ವಲ್ಪವೇ ಕಡಿಮೆಯಾಗುತ್ತ ಬಂದು, ಒಂದು ಬೇಸಿಗೆಯಲ್ಲಿ ಪೂರ್ತಿ ಹೋಯಿತು. ನಮ್ಮ ವೈದ್ಯರಿಗೆ ಬಹಳಷ್ಟು ಗೊತ್ತು, ಆದರೆ ಇದಕ್ಕೆ ಅವರಲ್ಲಿ ಔಷಧ ಇರಲಿಲ್ಲ.

ನಮ್ಮದು ಹಳೆಯ ಮನೆ. ನೆಲಕ್ಕೆ ಶಹಾಬಾದಿ ಕಲ್ಲು, ಕೋಣೆಗೊಂದು ಹೊಸ್ತಿಲು, ಗಾರೆ ಮೆತ್ತಿದ ಒರಟು ಗೋಡೆ. ಕಣ್ಣಿಲ್ಲದವನು ಎಡವಿ ಬೀಳುವ ಮನೆ ಎಂದು ನೋಡಿದವರೆಲ್ಲ ಹೇಳಿದರು. ಕೊಟ್ರೇಶನೂ ಹಾಗೆಯೇ ತಿಳಿದ. ಎಲ್ಲವನ್ನೂ ತೆಗೆಸಿ ಸಮತಟ್ಟು ಮಾಡಿಸೋಣ, ಹೊಸ್ತಿಲು ಬೇಡ, ನಡುಮನೆಯ ಬಾಗಿಲಿನ ಚೌಕಟ್ಟೂ ಬೇಡ, ಗೋಡೆ ನುಣ್ಣಗಿರಲಿ ಎಂದು ಅವನೇ ಹೇಳಿದ. ನಾನು ಒಪ್ಪಿದೆ. ಅವನು ಬೀಳಬಾರದು ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಇಲ್ಲಿ ನಿಮಗೆ ಒಂದು ವಿಷಯ ತಿಳಿಸಬೇಕು. ನಮ್ಮಲ್ಲಿ ಮನೆ ಒಡೆಯುವಂತಿಲ್ಲ, ಕಳಚಬೇಕು. ಹೊಳೆಯ ಮರಳನ್ನು ಮುಟ್ಟುವಂತಿಲ್ಲ. ಮಕ್ಕಳು ಅದನ್ನು ಶಾಲೆಯ ಕಪಾಟಿನಲ್ಲಿ ಗಾಜಿನ ಭರಣಿಯೊಳಗೆ ನೋಡುತ್ತಾರೆ. ಹೊಸ ಕಲ್ಲಿಗಾಗಿ ಗುಡ್ಡ ಸೀಳುವಂತಿಲ್ಲ. ಆದ್ದರಿಂದ ಮನೆಯಿಂದ ತೆಗೆದದ್ದೆಲ್ಲ ಮರುಮನೆಗೆ ಹೋಗುತ್ತದೆ. ಮರುಮನೆ ಎಂದರೆ ಊರಾಚೆಯ ಒಂದು ದೊಡ್ಡ ಅಂಗಳ; ಅಲ್ಲಿ ಕಿಟಕಿಗಳು, ಕಲ್ಲುಗಳು, ತೊಲೆಗಳು, ನಲ್ಲಿಗಳು, ಬಾಗಿಲಿನ ಚಿಲಕಗಳು ಮುಂದಿನ ಮನೆಗಾಗಿ ಕಾಯುತ್ತ ಇರುತ್ತವೆ. ಬಿಡಿಸುವ ಕೆಲಸ ಮಾಡುವವರಿಗೆ ಕಳಚುಗಾರರು ಎಂದು ಹೆಸರು. ಅವರ ಕೈಯಲ್ಲಿ ಸುತ್ತಿಗೆಗಿಂತ ಹೆಚ್ಚಾಗಿ ಮರದ ಬೆಣೆ, ನೀರಿನ ಪಿಚಕಾರಿ ಮತ್ತು ಕುಂಚ ಕಾಣುತ್ತವೆ. ಒಂದು ಮನೆ ಬಿಚ್ಚುವಾಗ ಓಣಿಯಲ್ಲಿ ಧೂಳೇಳುವುದಿಲ್ಲ. ಪಕ್ಕದ ಮನೆಯಲ್ಲಿ ಕೂಸು ಮಲಗಿರುತ್ತದೆ.

ನಮ್ಮ ಮನೆಗೆ ಬಂದ ಕಳಚುಗಾರ್ತಿ ಮೆಹರೂನ್. ನಗುಮುಖದ, ಎತ್ತರದ ಹೆಂಗಸು. ಕೆಲಸದ ನಡುವೆ ನನ್ನ ರೊಟ್ಟಿ ತಿನ್ನುತ್ತ ತನ್ನ ಸೊಸೆಯ ಅಡುಗೆಯನ್ನು ಹೊಗಳುತ್ತಿದ್ದಳು. ನಮ್ಮ ಹಿರಿಯರು ಸುಣ್ಣದ ಗಾರೆಯಲ್ಲಿ ಕಟ್ಟಿದ್ದರಿಂದ ಎಲ್ಲವೂ ಸಲೀಸಾಗಿ ಬಿಟ್ಟುಕೊಟ್ಟವು. ನೆಲದ ಕಲ್ಲುಗಳನ್ನು, ಗೋಡೆಯ ಇಟ್ಟಿಗೆಗಳನ್ನು ತೊಳೆದು, ಹೊಟ್ಟಿನ ಚೀಲಗಳ ನಡುವೆ ಇಟ್ಟು ಗಾಡಿಯಲ್ಲಿ ಕಳಿಸಿದರು. ಅವುಗಳ ಬದಲು ಎರಕದ ಹಲಗೆಗಳು ಬಂದವು. ಹಳೆಯ ಇಟ್ಟಿಗೆಪುಡಿ, ಜೋಳದ ಹೊಟ್ಟು ಸೇರಿಸಿ ಒತ್ತಿದ ಹಲಗೆ ಅದು. ಗೋಡೆಗೂ ಅದೇ, ನೆಲಕ್ಕೂ ಅದೇ. ಮೊಟ್ಟೆಯ ಒಳಮೈಯಷ್ಟು ನುಣುಪು.

ಕೆಲಸ ಮುಗಿದ ದಿನ ನಾನು ಕೊಟ್ರೇಶನ ಕೈಹಿಡಿದು ಒಳಗೆ ಕರೆತಂದೆ. ನಡುಮನೆಗೆ ಬಂದಾಗ ಅವನು ಕೈ ಬಿಡಿಸಿಕೊಂಡು ಒಬ್ಬನೇ ನಿಂತ. ಗೋಡೆಯ ಮೇಲೆ ಅಂಗೈ ಆಡಿಸಿದ. ಎರಡು ಹೆಜ್ಜೆ ನಡೆದು ಮತ್ತೆ ನಿಂತ. ಅವನ ಮುಖ ಹೊಸ ಊರಿನ ನಿಲ್ದಾಣದಲ್ಲಿ ಇಳಿದವನ ಮುಖದಂತಿತ್ತು.

"ಮಹಾನಂದಾ, ಮನಿ ಎಲ್ಲೈತಿ?" ಎಂದು ಕೇಳಿದ.

ನಾನು ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ.

ಅವನು ಬೀಳಲಿಲ್ಲ, ನಿಜ. ಬೀಳಬೇಕೆಂದರೆ ನಡೆಯಬೇಕಲ್ಲ. ದಿನ ಕಳೆದಂತೆ ಮಂಚದ ಅಂಚಿನಲ್ಲೇ ಕುಳಿತಿರತೊಡಗಿದ. ಎಲ್ಲ ಗೋಡೆಗಳೂ ಒಂದೇ ತರಹ ಇದ್ದದ್ದರಿಂದ ಯಾವುದು ಅಡುಗೆಮನೆಯ ಕಡೆ, ಯಾವುದು ಬೀದಿಯ ಕಡೆ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ನೀರಿನ ಗಡಿಗೆ ಹುಡುಕುತ್ತ ಹೋಗಿ ಮೂಲೆಯಲ್ಲಿ ನಿಂತುಬಿಡುತ್ತಿದ್ದ. ಕೊನೆಗೆ ನೀರು ಬೇಕೇ ಎಂದರೆ ಬೇಡ ಎನ್ನಲು ಶುರುಮಾಡಿದ. ನಾನು ರೊಟ್ಟಿಮನೆಯಿಂದ ಬರುವವರೆಗೆ ಬಾಯಾರಿಕೆ ತಡೆದುಕೊಂಡು ಕೂತಿರುತ್ತಾನೆಂದು ಅವನ ಒಣಗಿದ ತುಟಿ ನೋಡಿದಾಗ ಗೊತ್ತಾಯಿತು. ಕೇಳಿದ್ದಕ್ಕೆ ಹೇಳಿದ. ಕಣ್ಣು ಹೋದಾಗ ತನಗೆ ಇಷ್ಟು ಕತ್ತಲೆ ಅನ್ನಿಸಿರಲಿಲ್ಲವಂತೆ. ಬೀಸುಕಲ್ಲಿನ ಜಾಗದಲ್ಲಿ ನೆಲ ತಗ್ಗಾಗಿತ್ತು, ಅಲ್ಲಿ ಪಾದ ಇಳಿದರೆ ಅಡುಗೆಮನೆ ಬಂತೆಂದು ಅರ್ಥ. ಬೀದಿಯ ಗೋಡೆ ಮಧ್ಯಾಹ್ನ ಬೆಚ್ಚಗಿರುತ್ತಿತ್ತು. ನಡುಮನೆಯ ಚೌಕಟ್ಟಿನಲ್ಲಿ ಮರದ ಗಂಟು ಉದುರಿದ ಒಂದು ಗುಳಿ ಇತ್ತು. ಹೆಬ್ಬೆರಳು ಅದರೊಳಗೆ ಕೂತರೆ ಸಾಕು, ಇಡೀ ಮನೆ ಎದುರಿಗೆ ಹರಡಿಕೊಳ್ಳುತ್ತಿತ್ತು.

"ಅದು ನಂಗೂ ಗೊತ್ತಿದ್ದಿಲ್ಲ. ಹ್ವಾದ ಮ್ಯಾಲ ಗೊತ್ತಾತು," ಎಂದ.

ಮರುದಿನ ಬೆಳಿಗ್ಗೆಯೇ ನಾನು ಮರುಮನೆಗೆ ಹೋದೆ. ದಾರಿಯುದ್ದಕ್ಕೂ ಬಿರಬಿರನೆ ನಡೆದೆ. ಅಲ್ಲಿಗೆ ಬಂದ ವಸ್ತುಗಳು ಬಹಳ ದಿನ ನಿಲ್ಲುವುದಿಲ್ಲ; ಮನೆ ಕಟ್ಟುವವರು ಸದಾ ಬರುತ್ತಿರುತ್ತಾರೆ. ಮೆಹರೂನ್ ಅಂಗಳದಲ್ಲೇ ಸಿಕ್ಕಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕೈಯಲ್ಲಿದ್ದ ಕುಂಚ ಕೆಳಗಿಟ್ಟಳು.

"ಬಿಚ್ಚೇವಿ ಅಂತ ಮತ್ತ ಹಚ್ಚಾಕ ಬರತೈತ್ರಿ ಅಕ್ಕಾ. ಒಡದಿದ್ರ ನನ್ ಕೈಲೆ ಏನೂ ಆಗತಿದ್ದಿಲ್ಲ," ಎಂದಳು.

ನೆಲದ ಕಲ್ಲುಗಳು ಇದ್ದವು. ಹೊಸ್ತಿಲುಗಳು ಇದ್ದವು. ಬೀದಿ ಗೋಡೆಯ ಇಟ್ಟಿಗೆಗಳೂ ಒಂದು ಮೂಲೆಯಲ್ಲಿ ನಮ್ಮ ಓಣಿಯ ಹೆಸರು ಹೊತ್ತು ಕೂತಿದ್ದವು. ಚೌಕಟ್ಟು ಮಾತ್ರ ಹೋಗಿತ್ತು. ಕೆರೆಯ ಆಚೆ ಹೊಸ ಮನೆ ಕಟ್ಟಿಕೊಂಡ ಜೋಡಿಯೊಂದು ಅದನ್ನು ಒಯ್ದಿತ್ತು.

ಇದ್ದದ್ದನ್ನು ಮೊದಲು ತಂದೆವು. ನಮ್ಮ ಎರಕದ ಹಲಗೆಗಳನ್ನು ಬಿಚ್ಚಿ ಶಾಲೆಯವರು ಒಯ್ದರು. ಅವರಿಗೆ ಚಿಕ್ಕ ಮಕ್ಕಳ ಕೋಣೆಗೆ ನುಣುಪಾದ ಗೋಡೆ ಬೇಕಿತ್ತು. ಕಲ್ಲುಗಳನ್ನು ಅಂಗಳದಲ್ಲಿ ಹರಡಿ ಮೆಹರೂನ್ ಕೊಟ್ರೇಶನನ್ನು ಕರೆದು ಕೂರಿಸಿದಳು. ಅವನು ಒಂದೊಂದನ್ನೇ ಮುಟ್ಟಿ, ಇದು ದೇವರ ಗೂಡಿನ ಕೆಳಗಿನದು, ಇದು ಬಚ್ಚಲ ಕಡೆಯದು ಎಂದು ಹೇಳುತ್ತ ಹೋದ. ಎರಡು ಕಲ್ಲು ತಪ್ಪು ಹೇಳಿದ, ಆಮೇಲೆ ತಾನೇ ತಿದ್ದಿಕೊಂಡ. ಎಷ್ಟೋ ದಿನಗಳ ನಂತರ ಅವನು ಮೇಷ್ಟರ ದನಿಯಲ್ಲಿ ಮಾತಾಡುವುದನ್ನು ಕೇಳಿ ನಾನು ಕಣ್ಣೊರೆಸಿಕೊಳ್ಳಲು ಹಿತ್ತಿಲಿಗೆ ಹೋದೆ. ಸುಣ್ಣದ ಗಾರೆ ಒಣಗಿದ ಮೇಲೆ ಅವನು ಮಂಚದಿಂದೆದ್ದು, ಹೊಸ್ತಿಲು ದಾಟಿ, ಬೀಸುಕಲ್ಲಿನ ತಗ್ಗಿನಲ್ಲಿ ಪಾದ ಇಳಿಸಿ, ಗಡಿಗೆಯಿಂದ ನೀರು ತುಂಬಿಸಿಕೊಂಡು ಕುಡಿದ. ಇನ್ನೊಂದು ಲೋಟ ತುಂಬಿ ನನಗೂ ತಂದುಕೊಟ್ಟ.

ಆದರೆ ನಡುಮನೆಯ ಬಾಗಿಲಿನಲ್ಲಿ ಪ್ರತಿ ಸಲವೂ ಅವನ ಕೈ ಗಾಳಿಯಲ್ಲಿ ತಡಕಾಡುತ್ತಿತ್ತು. ಆ ಜೋಡಿಯನ್ನು ಕೇಳಿ ನೋಡೋಣ ಎಂದು ಒಂದು ಸಂಜೆ ಇಬ್ಬರೂ ಕೆರೆಯಾಚೆ ಹೋದೆವು. ಗಂಡ ಮನೆಯಲ್ಲಿರಲಿಲ್ಲ. ಹೆಂಡತಿ ಸುನಂದಾ ನಮ್ಮನ್ನು ಕೂರಿಸಿ ಮಜ್ಜಿಗೆ ಕೊಟ್ಟಳು. ನಾವು ಬಂದ ಕಾರಣ ತಿಳಿದಾಗ ಒಂದು ಕ್ಷಣವೂ ಯೋಚಿಸಲಿಲ್ಲ.

"ನಿಮ್ಮದು ನೀವು ಒಯ್ರಿ ಅಣ್ಣಾರ. ನಾವು ಬ್ಯಾರೇದು ನೋಡ್ತೀವಿ," ಎಂದಳು.

ಕೊಟ್ರೇಶ ಎದ್ದು ಚೌಕಟ್ಟಿನ ಹತ್ತಿರ ಹೋದ. ಮರದ ಮೇಲೆ ಕೈ ಜಾರಿಸುತ್ತ ಗುಳಿಯನ್ನು ಹುಡುಕಿದ. ಆ ಮನೆ ಕಟ್ಟಿದವರು ಚೌಕಟ್ಟನ್ನು ತಲೆಕೆಳಗಾಗಿ ಕೂರಿಸಿದ್ದರು. ಗುಳಿ ಈಗ ಅವನ ಮೊಣಕಾಲಿನ ಎತ್ತರದಲ್ಲಿತ್ತು. ಅವನು ಕುಕ್ಕರಗಾಲಿನಲ್ಲಿ ಕೂತು ಬೆರಳು ಚಾಚಿದಾಗ ಅಲ್ಲಿ ಆಗಲೇ ಇನ್ನೊಂದು ಕೈ ಇತ್ತು. ಸುನಂದಾಳ ಮಗಳು, ಆಗಷ್ಟೇ ನಿಲ್ಲಲು ಕಲಿಯುತ್ತಿದ್ದ ಕೂಸು, ಜೊಲ್ಲು ಹತ್ತಿದ ಬೆರಳುಗಳನ್ನು ಆ ಗುಳಿಯಲ್ಲಿ ಸಿಕ್ಕಿಸಿಕೊಂಡು ತೂರಾಡುತ್ತ ನಿಂತಿತ್ತು. ದಿನವೂ ಅದನ್ನೇ ಹಿಡಿದು ಏಳುತ್ತದೆ ಎಂದು ಸುನಂದಾ ಹೇಳಿದಳು. ಕೂಸು ಮರ ಬಿಟ್ಟು ಕೊಟ್ರೇಶನ ಹೆಬ್ಬೆರಳನ್ನು ಹಿಡಿದುಕೊಂಡಿತು. ಅವನು ಅಲುಗಾಡದೆ ಕೂತ. ಅದು ತಾನಾಗಿ ಬಿಡುವವರೆಗೆ ಹಾಗೇ ಇದ್ದ.

"ಇಲ್ಲೇ ಇರಲಿವಾ. ಇದಕ್ಕ ಚೊಲೋ ಕೆಲಸ ಸಿಕ್ಕೈತಿ," ಎಂದ.

ಬರುವಾಗ ದಂಡೆಯ ಮೇಲೆಯೇ ನಡೆದು ಬಂದೆವು. ಅವನು ನನ್ನ ಭುಜ ಹಿಡಿದು ನಡೆಯುತ್ತಿದ್ದ, ಕೈ ಹಗುರವಾಗಿತ್ತು.

ಈಗ ಕೆರೆಯ ವಿಷಯ. ನಿಮ್ಮ ಕಾಲದಲ್ಲಿ, ನಿಮ್ಮ ಮಕ್ಕಳ ಕಾಲದಲ್ಲಿ ಅದನ್ನು ಮುಚ್ಚಲಾಯಿತು. ಮನೆ ರಿಪೇರಿ ಮಾಡಿಸಿದವರ ಕಸ ರಾತ್ರೋರಾತ್ರಿ ಟ್ರಾಕ್ಟರುಗಳಲ್ಲಿ ಬಂದು ಅಲ್ಲಿ ಬೀಳುತ್ತಿತ್ತಂತೆ. ನೀರಿಗೆ ತತ್ವಾರ ಬಂದಾಗ ನಮ್ಮ ಹಿರಿಯರು ಅದನ್ನು ಮತ್ತೆ ತೋಡತೊಡಗಿದರು. ನಾವು ಇನ್ನೂ ತೋಡುತ್ತಿದ್ದೇವೆ. ಬೇಸಿಗೆ ಬಂತೆಂದರೆ ಇಡೀ ಊರು ಬುಟ್ಟಿ ಹಿಡಿದು ಇಳಿಯುತ್ತದೆ. ಟೈಲ್ಸುಗಳು ಸಿಗುತ್ತವೆ, ಹೊಳಪು ಹಾಗೇ ಇರುತ್ತದೆ, ಆದರೆ ಬೆನ್ನಿಗೆ ಅಂಟು ಕಚ್ಚಿಕೊಂಡಿರುತ್ತದೆ; ಬಿಡಿಸಹೋದರೆ ಚೂರಾಗುತ್ತವೆ. ಇಟ್ಟಿಗೆಗಳು ಸಿಮೆಂಟಿನಲ್ಲಿ ಒಂದಕ್ಕೊಂದು ಬೆಸೆದು ಬಂಡೆಯಾಗಿವೆ. ಬಣ್ಣದ ಡಬ್ಬಿ, ಪೈಪು, ಬಿಳಿ ಪ್ಲಾಸ್ಟರಿನ ಚಾವಣಿಯ ಹೂಗಳು. ಕೆಲಸಕ್ಕೆ ಬರುವಂಥದ್ದು ಕಡಿಮೆ. ಬಂದದ್ದನ್ನು ತೊಳೆದು ಮರುಮನೆಯಲ್ಲಿ ಇಡುತ್ತಾರೆ.

ಬೇರೆ ಚೌಕಟ್ಟು ಆರಿಸಲು ಕೊಟ್ರೇಶನನ್ನು ಅಲ್ಲಿಗೆ ಕರೆದೊಯ್ದೆ. ಮೆಹರೂನ್ ಸಾಲಾಗಿ ನಿಲ್ಲಿಸಿದ್ದ ಚೌಕಟ್ಟುಗಳನ್ನು ಅವನು ಒಂದೊಂದಾಗಿ ಮುಟ್ಟುತ್ತ ಹೋದ. ಹಲವು ಚೆನ್ನಾಗಿದ್ದವು. ಅವನಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಕೊನೆಯಲ್ಲಿ ಕೆರೆಯಿಂದ ತೆಗೆದ ಒಂದು ಸಾಗುವಾನಿ ಚೌಕಟ್ಟಿತ್ತು. ಕೆಸರಿನೊಳಗೆ ಗಾಳಿ ತಾಗದೆ ಕೂತಿದ್ದರಿಂದ ಕಪ್ಪಾಗಿತ್ತು, ಆದರೆ ಗಟ್ಟಿಯಿತ್ತು. ಅದರ ಒಳಮೈಯಲ್ಲಿ ಅವನ ಬೆರಳು ನಿಂತಿತು. ಅಲ್ಲಿ ಚಾಕುವಿನಿಂದ ಗೀರಿದ ಒಂದು ಅಡ್ಡಗೆರೆ. ಸ್ವಲ್ಪ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು.

"ಯಾರೋ ಕೂಸಿನ ಎತ್ತರ ಅಳದಾರ," ಎಂದು ನಾನು ಹೇಳಿದೆ. ಅವನಿಗೆ ಅದು ಮೊದಲೇ ತಿಳಿದಿತ್ತು.

ಆ ಚೌಕಟ್ಟು ಈಗ ನಮ್ಮ ನಡುಮನೆಯಲ್ಲಿದೆ. ಕೊಟ್ರೇಶ ಬೆಳಿಗ್ಗೆ ಎದ್ದು ಬರುವಾಗ ಬೆರಳು ಆ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಏರುತ್ತದೆ, ಆಮೇಲೆ ಅವನು ಅಡುಗೆಮನೆಯ ಕಡೆ ತಿರುಗುತ್ತಾನೆ. ಹಳೆಯ ಗುಳಿಯ ನೆನಪು ಇನ್ನೂ ಬರುತ್ತದೆಯೇ ಎಂದು ಕೇಳಿದೆ. ಬರುತ್ತದೆ ಎಂದ. ಈಗ ಅವನು ಶಾಲೆಗೂ ಹೋಗುತ್ತಿದ್ದಾನೆ. ಜೇಡಿಮಣ್ಣಿನಲ್ಲಿ ಬೆಟ್ಟ, ಹೊಳೆ ಮಾಡಿಸಿ ಮಕ್ಕಳಿಗೆ ಮುಟ್ಟಿಸಿ ಪಾಠ ಹೇಳುತ್ತಾನೆ.

ನಿಮ್ಮನ್ನು ಬಯ್ಯಲು ನನಗೆ ಮನಸ್ಸಿಲ್ಲ. ಮನೆ ಚೆಂದ ಕಾಣಲಿ, ಅನುಕೂಲವಾಗಲಿ ಎಂದು ಬಯಸಿದಿರಿ. ನಾವೂ ಬಯಸುತ್ತೇವೆ. ಒಂದೇ ಒಂದು ಕೇಳಿಕೆ. ನಾಳೆ ನಿಮ್ಮ ಮನೆಗೆ ಕೆಲಸದವರು ಬರುವ ಮೊದಲು, ಕಣ್ಣು ಮುಚ್ಚಿಕೊಂಡು ಒಮ್ಮೆ ಗೋಡೆ ಹಿಡಿದು ನಡೆಯಿರಿ. ಮನೆಯಲ್ಲಿ ವಯಸ್ಸಾದವರಿದ್ದರೆ, ಕೂಸುಗಳಿದ್ದರೆ ಅವರನ್ನೂ ನಡೆಸಿರಿ. ಕೈ ನಿಂತ ಜಾಗವನ್ನು ಉಳಿಸಿಕೊಳ್ಳಿ. ತೆಗೆಯಲೇಬೇಕಾದದ್ದನ್ನು ಬಿಚ್ಚಿ ತೆಗೆಯಿರಿ, ಬೇಕಾದವರಿಗೆ ಕೊಡಿ. ಹೊಸದನ್ನು ಕೂರಿಸುವಾಗ ಮುಂದೆ ಯಾರೋ ಅದನ್ನು ಬಿಡಿಸಬೇಕಾಗುತ್ತದೆ ಎಂಬುದು ನೆನಪಿರಲಿ. ಅಂಟಿಗಿಂತ ಮೊಳೆ ವಾಸಿ, ಮೊಳೆಗಿಂತ ಸ್ಕ್ರೂ ವಾಸಿ. ಕೆರೆಗೆ ಮಾತ್ರ ಹಾಕಬೇಡಿ.

ಕೊನೆಗೆ, ಆ ಚೌಕಟ್ಟಿನವರಿಗೆ ಒಂದು ಮಾತು. ನೀವು ಯಾರೋ, ಯಾಕೆ ಅದನ್ನು ಎಸೆದಿರೋ ನನಗೆ ಗೊತ್ತಿಲ್ಲ. ಮೇಲಿನ ಗೆರೆ ನನ್ನ ಎದೆಯ ಮಟ್ಟಕ್ಕೆ ಬರುತ್ತದೆ. ಅದರ ಮೇಲೆ ಬರೀ ಮರ. ಒಂದು ದಿನ ಕೊಟ್ರೇಶ ಆ ಬರೀ ಮರವನ್ನು ಬಹಳ ಹೊತ್ತು ಸವರುತ್ತ ನಿಂತಿದ್ದ. ಮನೆ ರಿಪೇರಿಗೆ ತೆಗೆದಿರಬೇಕು ಮಹಾನಂದಾ, ಬೇರೆ ಏನೂ ಇರಲಿಕ್ಕಿಲ್ಲ ಎಂದ. ಹೊಸ ಗೋಡೆಗೆ ಬಣ್ಣ ಹಚ್ಚಿರುತ್ತಾರೆ, ಅದರ ಮೇಲೆ ಗೀರಲು ಮನಸ್ಸು ಬಂದಿರುವುದಿಲ್ಲ, ಅಷ್ಟೇ ಎಂದ. ನಾನೂ ಹಾಗೇ ಇರಬೇಕು ಎಂದೆ. ನಿಮ್ಮ ಕೂಸು ಆಮೇಲೂ ಬೆಳೆಯಿತು, ನನ್ನನ್ನು ಮೀರಿ ಎತ್ತರವಾಯಿತು ಎಂದೇ ನಾವಿಬ್ಬರೂ ನಂಬಿದ್ದೇವೆ.

ಇಂತಿ,
ಮಹಾನಂದಾ