ತಾನೇ ಹೂಂಗುಟ್ಟುವ ಹಾಡು

ಜೂನ್ 3, ಸೋಮವಾರ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಕೀಬೋರ್ಡ್ ಟೀಚರ್. ಇವತ್ತು ಬೆಳಗ್ಗೆ ಹತ್ತಕ್ಕೆ, ನಾನು ಮೈಕ್ ಸ್ಟ್ಯಾಂಡಿನ ಸಡಿಲ ಕತ್ತಿಗೆ ರಬ್ಬರ್ ಸುತ್ತುತ್ತಿದ್ದಾಗ. ಶಾಲೆಯಲ್ಲಿ ಸಂಗೀತ ಕಲಿಸುತ್ತಾರೆ, ಬಿಡುವಿದ್ದಾಗ ನನ್ನ ರೆಕಾರ್ಡಿಂಗ್ ರೂಮಿಗೆ ಬಂದು ನುಡಿಸುತ್ತಾರೆ. ಬಾಯಿ ಜೋರು. ಕೈ ಚಿನ್ನ.

ಅವರ ಬೀದಿಯಲ್ಲೊಬ್ಬ ಬಸ್ ಡಿಪೋ ಮೆಕ್ಯಾನಿಕ್. ಮದುವೆಯಾಗಿ ಎಂಟು ವರ್ಷ. ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಆಕೆ ಏನು ಹೇಳಿದರೂ ಈತನದು 'ಹೂಂ'. ಒಲೆ ಕೆಟ್ಟಿದೆ — ಹೂಂ. ತಲೆ ಸಿಡಿಯುತ್ತಿದೆ — ಹೂಂ. ಒಂದು ಸಂಜೆ ಆಕೆ ಪರೀಕ್ಷೆ ಮಾಡಿದಳು.

"ನಾಳೆಯಿಂದ ನಾನು ಅಕ್ಕನ ಮನೇಲಿರ್ತೀನಿ."

"ಹೂಂ."

"ವಾಪಸ್ ಬರಲ್ಲ."

"ಹೂಂ. ಬಾಗಿಲು ಎಳ್ಕೊಂಡು ಹೋಗು."

ನಗು ತಡೆಯಲಾಗಲಿಲ್ಲ. ಆಮೇಲೆ ಕೇಳಿದೆ, ಹೋದಳೇ?

"ಹೋದ್ಲು ಸಾರ್. ನಾಲ್ಕು ತಿಂಗಳಾಯ್ತು. ಈಗ ಅಂಗಡಿಯವರು ಬೇರೆ ಊರಿನ ಬ್ರಾಂಚಿಗೆ ಕರೀತಿದ್ದಾರೆ. ಹದಿನೇಳಕ್ಕೆ ಉತ್ತರ ಹೇಳ್ಬೇಕಂತೆ. ಅಷ್ಟರೊಳಗೆ ಕರ್ಕೊಂಡು ಬರ್ಬೇಕು ಅಂತ ಈ ಪುಣ್ಯಾತ್ಮ ಹಾಡು ಕಟ್ಟಿದ್ದಾನೆ! ನಾಳೆ ಬರ್ತಾನೆ. ನಗಬೇಡಿ."

ಜೂನ್ 4, ಮಂಗಳವಾರ

ನಕ್ಕೆ.

ಮನುಷ್ಯ ಅಗಲ. ಉಗುರಿನ ಸಂದಿಯಲ್ಲಿ ಗ್ರೀಸು. ಎಂಜಿನ್ನಿನ ಮುಂದೆ ಬಗ್ಗುವಂತೆ ಮೈಕಿನ ಮುಂದೆ ಬಗ್ಗಿ ನಿಂತ. ಗಂಟಲು ಪರವಾಗಿಲ್ಲ. ಆದರೆ ಹಾಡು...

ಪ್ರಾಣವೇ, ನೀನಿಲ್ಲದೆ ಪ್ರಾಣ ಹೋಗಿದೆ
ಕಣ್ಣೀರ ಕಡಲಲ್ಲಿ ದೋಣಿ ಮುಳುಗಿದೆ

ಟೀಚರ್ ತುಟಿ ಕಚ್ಚಿಕೊಂಡರು. ನಾನು ಕುರ್ಚಿಯ ಕೆಳಗೆ ಇಲ್ಲದ ವೈರು ಹುಡುಕಿದೆ. ಹುಡುಕುತ್ತ ಭುಜ ಕುಣಿಯಿತು. ಕೊನೆಗೆ ನಗಬೇಡಿ ಎಂದವರೇ ಶುರುಮಾಡಿದರು:

"ಅಲ್ಲಪ್ಪಾ, ಪ್ರಾಣ ಹೋದ್ಮೇಲೆ ಹಾಡ್ತಿರೋದು ಯಾರು?"

ಬೇಜಾರು ಮಾಡಿಕೊಳ್ಳುತ್ತಾನೆ ಎಂದುಕೊಂಡೆ. ಇಲ್ಲ. ಟವೆಲಿನಲ್ಲಿ ಕೈ ಒರೆಸಿಕೊಂಡ, ಕೆಲಸಕ್ಕಿಳಿಯುವವನ ಹಾಗೆ.

"ಡಿಪೋದಲ್ಲೂ ಅಳುಮುಂಜಿ ಹಾಡು ಅಂದ್ರು. ಎಲ್ಲಿ ಜಾಸ್ತಿ ಆಯ್ತು ಅಂತ ಮಾತ್ರ ಯಾರೂ ಹೇಳಲ್ಲ. ನೀವು ಹೇಳಿ ಅಣ್ಣ. ಬಿಚ್ಚಿ ನೋಡೋಣ."

ಮೂವತ್ತು ವರ್ಷದಿಂದ ಹಾಡು ಹಿಡಿಯುತ್ತಿದ್ದೇನೆ. ಯಾವುದು ಅಳುಮುಂಜಿ ಎಂದು ಎರಡನೇ ಸಾಲಿಗೇ ಗೊತ್ತಾಗುತ್ತದೆ. ಯಾಕೆ ಎಂದು? ಗೊತ್ತಿಲ್ಲ. ಗೊತ್ತಿಲ್ಲ ಎನ್ನುವುದೂ ಇವತ್ತೇ ಗೊತ್ತಾಗಿದ್ದು.

ಜೂನ್ 5, ಬುಧವಾರ

ಬಿಚ್ಚಿದೆವು. "ಒಂದ್ಸಲಕ್ಕೆ ಒಂದೇ ಪಾರ್ಟು" ಎಂದು ಕಟ್ಟುನಿಟ್ಟು ಮಾಡಿದ. "ಎಲ್ಲ ಒಟ್ಟಿಗೆ ಬಿಚ್ಚಿದ್ರೆ ತೊಂದರೆ ಎಲ್ಲಿತ್ತು ಅಂತ ತಿಳಿಯಲ್ಲ."

ಮೊದಲು ಎಕೋ ತೆಗೆದೆ. ಅಳುಮುಂಜಿಯೇ. ಬಾವಿಯೊಳಗೆ ಅಳುತ್ತಿದ್ದವನು ಬಾವಿಯ ಹೊರಗೆ ಕೂತು ಅತ್ತಂತಾಯಿತು, ಅಷ್ಟೇ. ಟೀಚರ್ ಪಿಟೀಲಿನ ದನಿ ಮುಚ್ಚಿದರು. ಹಾಗೇ ಇದೆ. ಕೊನೆಯ ಚರಣದಲ್ಲಿ ಸ್ಕೇಲ್ ಏರಿಸಿದ್ದ, ಇಳಿಸಿದೆವು. ಸ್ವರ ನಡುಗಿಸಬೇಡ ಎಂದೆ. ನಡುಗಿಸಲಿಲ್ಲ, ನೆಟ್ಟಗೆ ಹಾಡಿದ. ಈಗ ಇನ್ನೂ ಭಯಂಕರ! ಪೊಲೀಸರೆದುರು ಹೇಳಿಕೆ ಕೊಟ್ಟ ಹಾಗೆ — ಪ್ರಾಣ ಹೋಗಿದೆ, ದೋಣಿ ಮುಳುಗಿದೆ.

"ಅಂದ್ರೆ ತೊಂದರೆ ಬಾಡೀಲಿಲ್ಲ" ಎಂದ ಮೆಕ್ಯಾನಿಕ್. ಸೋತ ಮುಖವಲ್ಲ. "ಎಂಜಿನ್ನಲ್ಲೇ ಇದೆ."

ಜೂನ್ 6, ಗುರುವಾರ, ಬೆಳಗ್ಗೆ

ಗಡ್ಡ ಬೋಳಿಸಿಕೊಳ್ಳುತ್ತ ಏನೋ ಗುನುಗುತ್ತಿದ್ದೆ. ಅಡುಗೆಮನೆಯಿಂದ ನಮ್ಮವಳು: "ಬೆಳಬೆಳಗ್ಗೆ ಯಾರ ಪ್ರಾಣ ಹೋಯ್ತು?"

ಅದೇ ಹಾಡು! ನಕ್ಕ ಹಾಡೇ ನಾಲಿಗೆಗೆ ಅಂಟಿದೆ. ಇದೊಂದು ವಿಚಿತ್ರ. ನಮ್ಮವಳನ್ನೇ ಕೇಳಿದೆ, ಹಾಡು ಯಾವಾಗ ಅಳುಮುಂಜಿ ಆಗುತ್ತದೆ?

"ಕೆಲವರ ಮನೇಲಿ ಬಲವಂತ ಮಾಡಿ ಬಡಿಸ್ತಾರಲ್ಲ, ಹಾಗೆ. ಅಡುಗೆ ಕೆಟ್ಟದಿರಲ್ಲ ರೀ. ನಮಗೆ ಹಸಿವಾಗೋಕೇ ಬಿಡಲ್ಲ."

ಬರೆದಿಟ್ಟುಕೊಂಡೆ. ಕೆನ್ನೆಯ ಒಂದು ಕಡೆ ನೊರೆ ಹಾಗೇ ಇತ್ತು.

ಜೂನ್ 8, ಶನಿವಾರ

ಕೆಲಸವಿಲ್ಲ. ಹಳೆಯ ಟೇಪು ಒರೆಸುತ್ತ ಕೂತಿದ್ದೆ. ಅಜ್ಜಿ ನೆನಪಾದಳು.

ಎಷ್ಟು ಕಥೆ ಹೇಳಿದಳು! ಒಂದರಲ್ಲೂ 'ಪಾಪ' ಎಂದಿಲ್ಲ. "ರಾಣಿ ಮಗೂನ ಮಲಗಿಸಿದ್ಲು. ದೀಪ ಸಣ್ಣದು ಮಾಡಿದ್ಲು. ಹೊಸಿಲು ದಾಟಿದ್ಲು." ಅಲ್ಲಿಗೆ ನಿಲ್ಲಿಸುವಳು. ನಾವು ಹೂಂ ಎನ್ನುವವರೆಗೆ ಮುಂದಿನ ಮಾತಿಲ್ಲ. ಹೂಂ ಎನ್ನಲು ಬಾಯಿ ತೆರೆದರೆ 'ಪಾಪ' ಎಂದು ಬರುತ್ತಿತ್ತು. ಪಾಪ ಎನ್ನುವುದು ನಮ್ಮ ಪಾಲಿನ ಕೆಲಸ. ಅದನ್ನು ಅವಳು ಮುಟ್ಟುತ್ತಿರಲಿಲ್ಲ.

ಇವನ ಹಾಡು ತಾನೇ ಕಥೆ ಹೇಳುತ್ತದೆ, ತಾನೇ ಹೂಂಗುಟ್ಟುತ್ತದೆ, ತಾನೇ ಪಾಪ ಎನ್ನುತ್ತದೆ. ಕೇಳುವವನಿಗೆ ಉಳಿಯುವುದು ನಗು ಒಂದೇ.

ಕೂಡಲೇ ಡಿಪೋಗೆ ಫೋನು ಮಾಡಿದೆ. "ನೀನೆಷ್ಟು ಅಳ್ತೀಯ ಅಂತ ಬೇಡ ಮಾರಾಯ. ನಿಮ್ಮನೆಯವರು ಏನು ಮಾಡ್ತಾರೆ ಅಂತ ಬರಿ."

ಹಿಂದೆ ಯಾವುದೋ ಎಂಜಿನ್ ಕೆಮ್ಮುತ್ತಿತ್ತು.

"ಅವಳು... ಏನೂ ಮಾಡಲ್ಲ ಅಣ್ಣ. ಸುಮ್ನೆ ಇರ್ತಾಳೆ."

"ಎಂಟು ವರ್ಷದಿಂದಾನಾ?"

ಫೋನಿಟ್ಟ. ಹೆಚ್ಚು ಹೇಳಿಬಿಟ್ಟೆನೇನೋ.

ಜೂನ್ 12, ಬುಧವಾರ

ಬಂದಿಲ್ಲ. ಫೋನೂ ಎತ್ತುತ್ತಿಲ್ಲ. ಹದಿನೇಳಕ್ಕೆ ಐದೇ ದಿನ.

ಟೀಚರ್: "ಎಂಜಿನ್ ಬಿಚ್ಚಿಸಿದ್ರಿ. ಈಗ ಜೋಡಿಸೋರು ಯಾರು?"

ಜೂನ್ 14, ಶುಕ್ರವಾರ

ಬಂದ! ಡಿಪೋದ ಜಾಬ್ ಕಾರ್ಡಿನ ಹಿಂಭಾಗದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾನೆ. ಆರು ದಿನ ಮನೆಯಲ್ಲಿ ಸುಮ್ಮನೆ ಕೂತು ನೆನೆಸಿಕೊಂಡನಂತೆ. "ಒಂದೂ ಜ್ಞಾಪಕ ಬರ್ಲಿಲ್ಲ ಅಣ್ಣ ಮೊದಮೊದಲು. ಆಮೇಲೆ ಬೀರು ಬಾಗಿಲು ಹಾಕ್ತಿದ್ದೆ, ಒಂದು ಬಂತು."

ಸಿಟ್ಟು ಬಂದರೆ ನೀ ಬಾಗಿಲು ಮೆಲ್ಲಗೆ ಹಾಕುವೆ
ಸದ್ದಾಗದ ಬಾಗಿಲಿಗೆ ನಾನು ಹೆದರುವೆ

ಹಳೆಯ ರಾಗವೇ. ಟೀಚರ್ ಕೈ ಕೀಬೋರ್ಡಿನ ಮೇಲೆ ನಿಂತಿತು. ನಗಲಿಲ್ಲ.

"ಆಮೇಲೆ?" ಎಂದರು.

ಬಸ್ಸಲ್ಲಿ ಕೂತರೆ ನೀ ಬೋರ್ಡೆಲ್ಲ ಓದುವೆ
ಅಕ್ಷರ ಕಲಿತ ಮಗುವಂತೆ ಹಿಗ್ಗುವೆ

"ಆಮೇಲೆ?"

ಇನ್ನೂ ಎರಡು ಚರಣ. ಮಧ್ಯಾಹ್ನದೊಳಗೆ ಮುಗಿಯಿತು. ಎಕೋ ಬೇಡ ಎಂದೆ. "ಸ್ವಲ್ಪ ಇರ್ಲಿ ಅಣ್ಣ, ಅಂಗಿ ಇಲ್ದೆ ನಿಂತ ಹಾಗಾಗುತ್ತೆ" ಎಂದ. ಹಾಕಿದೆ. ಟೀಚರ್ ಕೇಳದೆಯೇ ಪಿಟೀಲೂ ಸೇರಿಸಿದರು. ಕೊನೆಗೆ ಸ್ಕೇಲನ್ನೂ ಏರಿಸಿದ, ಕಳ್ಳ. ಮೊನ್ನೆ ಕಿತ್ತುಹಾಕಿದ್ದೆಲ್ಲ ವಾಪಸ್ ಬಂತು. ಒಂದೂ ಚುಚ್ಚಲಿಲ್ಲ! ಇದನ್ನು ಯಾರಿಗೆ ಹೇಳಲಿ? ನಾವು ಬೈಯುವುದು ಪಾಪ ಪಿಟೀಲಿಗೆ.

ಜೂನ್ 16, ಭಾನುವಾರ, ಸಂಜೆ

ಮಧ್ಯಾಹ್ನ ಹಾಡು ಕಳಿಸಿದ್ದಾನೆ. ಈಗ ಟೀಚರ್ ಫೋನು, ಆಕೆಯ ಅಕ್ಕನ ಹತ್ತಿರ ವಿಚಾರಿಸಿದರಂತೆ. ಅಕ್ಕ, ಭಾವ, ಇವನ ಹೆಂಡತಿ ಮೂವರೂ ಕೂತು ಕೇಳಿದರಂತೆ. ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳಂತೆ. ಭಾವ "ಟ್ಯೂನ್ ಚೆನ್ನಾಗಿದೆ" ಎಂದನಂತೆ.

"ಅವಳು?"

"ಎರಡ್ಸಲ ಹಾಕಿಸಿದ್ಲಂತೆ. ಎದ್ದುಹೋಗಿ ರೂಮಿನ ಬಾಗಿಲು ಹಾಕ್ಕೊಂಡ್ಲಂತೆ."

"ಜೋರಾಗೋ, ಮೆಲ್ಲಗೋ?"

"ಅದನ್ನ ಕೇಳ್ಬೇಕಿತ್ತು ಸಾರ್!"

ಜೂನ್ 17, ಸೋಮವಾರ, 9.40

ಬೀಗ ತೆಗೆಯುವುದಕ್ಕೆ ಮುಂಚೆಯೇ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕಾಯುತ್ತಿದ್ದಳು. ಸಣ್ಣ ಆಳು. ಬೆರಳ ತುದಿಯಲ್ಲಿ ಗಾಜು ಉಜ್ಜಿದ ಬಿಳಿ ಪುಡಿ. ಹೇಳಬೇಕಾಗಿರಲಿಲ್ಲ, ಗೊತ್ತಾಯಿತು.

"ಹಾಡು ಹಿಡಿದೋರು ನೀವೇನಾ? ತಪ್ಪಿದೆ ಅದ್ರಲ್ಲಿ."

"ಕೂತ್ಕೋಮ್ಮ. ಯಾವ ತಪ್ಪು?"

"ಬೋರ್ಡು ಓದೋದು ನಾನು ಹಿಗ್ಗಿಗಲ್ಲ. ಅವರಿಗೆ ದೂರದ್ದು ಕಾಣಲ್ಲ. ಕನ್ನಡಕ ಹಾಕ್ಕೊಳ್ಳಿ ಅಂದ್ರೆ ಹೂಂ ಅಂತಾರೆ, ಹಾಕ್ಕೊಳ್ಳಲ್ಲ. ಇಳಿಯೋ ಜಾಗ ತಪ್ಪಿಹೋಗುತ್ತೆ ಅಂತ ಅವರಿಗೋಸ್ಕರ ಓದ್ತಿದ್ದೆ. ಎಂಟು ವರ್ಷ! ಮಗುವಂತೆ ಮಗು."

ನನಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹಾಡಿನಲ್ಲಿ ಅತ್ಯಂತ ಚೆನ್ನಾದ ಸಾಲು ಎಂದು ನಾವು ಮೂವರೂ ಒಪ್ಪಿದ್ದ ಸಾಲು ಅದು.

"ಇನ್ನೂ ಎರಡಿವೆ" ಎಂದಳು. "ಹನ್ನೊಂದಕ್ಕೆ ಅಂಗಡೀಲಿ ಉತ್ತರ ಹೇಳ್ಬೇಕು. ಅದಕ್ಕೆ ಮುಂಚೆ ಇದು ಸರಿಯಾಗ್ಬೇಕು. ತಪ್ಪು ಹಾಡು ಊರೆಲ್ಲ ಹರಡಿದ್ರೆ ನಾನೇನು ಮಾಡ್ಲಿ?"

ಫೋನು ಮಾಡಿದೆ.

"ನಿಮ್ಮನೆಯವರು ಬಂದಿದ್ದಾರೆ. ತಪ್ಪು ಹಿಡಿದಿದ್ದಾರೆ."

"ಎಷ್ಟು?"

"ಮೂರು."

ಆ ಕಡೆ ಸ್ಪ್ಯಾನರ್ ಬಿದ್ದ ಸದ್ದು.

"ಮೂರೇನಾ?"

10.25

ಬಂದ. ಕೈ ತೊಳೆದುಕೊಂಡೂ ಬಂದಿಲ್ಲ. ಇಬ್ಬರನ್ನೂ ಗಾಜಿನ ಆಚೆ ಕೂರಿಸಿದ್ದೇನೆ, ಸಾಲು ತಿದ್ದಿಕೊಳ್ಳಲಿ ಎಂದು. ಅಲ್ಲಿರುವುದು ಒಂದೇ ಮೈಕು. ಪೆನ್ಸಿಲ್ ಆಕೆಯ ಕೈಯಲ್ಲಿ.

ಟೀಚರಿಗೆ ಶಾಲೆ. ಫೋನಿನಲ್ಲಿ ಮೂರು ಸಲ "ಏನಾಯ್ತು?"

11.20

ಯಾರೂ ಅಂಗಡಿಗೆ ಹೋಗಿಲ್ಲ. ಗಡಿಯಾರ ಇಬ್ಬರ ನೆತ್ತಿಯ ಮೇಲೆಯೇ ಇದೆ. ಆಕೆ ಎರಡು ಸಲ ನೋಡಿದಳು, ಮೂರನೆಯ ಸಲ ನೋಡಲಿಲ್ಲ. ತಿದ್ದುತ್ತಿರುವುದು ಈಗ ಎರಡನೇ ತಪ್ಪು. ಅಥವಾ ಹಾಡು ಬಿಟ್ಟು ಬೇರೆ ಎಲ್ಲಿಗೋ ಹೋಗಿದ್ದಾರೆ. ಅವನು ಬಾಗಿ ಕೂತಿದ್ದಾನೆ.

ರೆಕಾರ್ಡಿಂಗ್ ಓಡುತ್ತಲೇ ಇದೆ. ನಿಲ್ಲಿಸಬೇಕು, ಇದು ನಾನು ಕೇಳುವಂಥದ್ದಲ್ಲ. ಹೆಡ್‌ಫೋನ್ ತೆಗೆಯುತ್ತಿದ್ದೆ. ಅಷ್ಟರಲ್ಲಿ ಆಕೆ ಏನೋ ಹೇಳಿದಳು, ಬಹಳ ಸಣ್ಣ ದನಿಯಲ್ಲಿ. ಅವನು ತಲೆಯೆತ್ತಿದ.

"ಏನಂದೆ? ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಆಕೆ ಪೆನ್ಸಿಲ್ ಕೆಳಗಿಟ್ಟು ಇನ್ನೊಂದು ಸಲ ಹೇಳತೊಡಗಿದಳು. ನಾನು ಹೆಡ್‌ಫೋನ್ ತೆಗೆದು ರೆಕಾರ್ಡಿಂಗ್ ನಿಲ್ಲಿಸಿದೆ.